ಮಗ್ಗದ ಕೋಣೆಯ ಕೀಲಿ

ದೆವ್ವ, ಶಕುನ, ಪವಾಡ ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ನಾನು ಓದಿದ್ದು ಎರಡನೆಯ ಇಯತ್ತೆಯವರೆಗೆ. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಇಳಕಲ್ಲಿನಲ್ಲಿ ನಮ್ಮದು ಸೀರೆ ನೇಯುವ ಮನೆ. ಅಪ್ಪ ತೀರಿಕೊಂಡಾಗ ನನ್ನನ್ನು ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸಿದರು. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯಿರುತ್ತದೆ. ಅದರಲ್ಲಿ ಕಾಲು ಇಳಿಬಿಟ್ಟು ನೇಯಬೇಕು. ಅಂದು ಇಳಿಬಿಟ್ಟ ಕಾಲು ಇಂದಿಗೂ ಅಲ್ಲೇ ಇದೆ. ತಮ್ಮ ಗುರಪ್ಪ ಮಾತ್ರ ಓದಿದ. ಮುಲ್ಕಿ ಪರೀಕ್ಷೆ ಪಾಸಾಗಿ ಕಚೇರಿಯಲ್ಲಿ ಕಾರಕೂನನಾಗಬೇಕೆಂಬುದು ಅವನ ಆಸೆ.

ಅವನು ಪರೀಕ್ಷೆಗೆಂದು ಬಾಗಲಕೋಟೆಗೆ ಹೊರಡುವ ದಿನ ಮಗ್ಗದ ಮೇಲೆ ಸೆರಗು ಕೂಡಿಸುವ ಕೆಲಸವಿತ್ತು. ನಮ್ಮಲ್ಲಿ ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅರ್ಧಕ್ಕೆ ಎದ್ದರೆ ಎಳೆಗಳು ಸಿಕ್ಕಾಗುತ್ತವೆ. ಆ ಕೆಲಸಕ್ಕೆ ಅವನನ್ನೇ ಕೂರಿಸಿದ್ದೆ.

"ಅಣ್ಣಾ, ಬಂಡಿ ಹೊಂಡೂ ಹೊತ್ತಾತು. ನಾ ಹೋಗ್ತೇನಿ."

"ಹೋಗಂತ್ಲೇ ರಾವಸಾಹೇಬ! ನಾಳೆ ಕುರ್ಚಿ ಮ್ಯಾಲ ಕುಂತು ನಮಗ ಹುಕುಂ ಮಾಡಾಂವ ಅದಿ. ಇವತ್ತ ಇದನ್ನ ಮುಗಸು."

ನೂಲು ತರುವೆನೆಂದು ಹೊರಗೆ ಬಂದೆ. ಬಾಗಿಲಿಗೆ ಕೀಲಿ ಜಡಿದೆ. ಇದ್ದ ಒಂದೇ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಗುಡೂರಿನ ದಾರಿ ಹಿಡಿದೆ. ಸೀರೆ ಬರೀ ನೆವ. ನಾನು ಕುಣಿಯಲ್ಲಿರುವಾಗ ಅವನೊಬ್ಬ ಮೇಲೇರಿ ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ.

ಹಳ್ಳದ ದಂಡೆಗೆ ಬಂದಾಗ, ಅವನು ಬಾಗಿಲು ಬಡಿಯುತ್ತಿರುವುದು ಕಣ್ಣಿಗೆ ಕಟ್ಟಿತು. ತಿರುಗಿ ಹೋಗಬೇಕು, ಬಾಗಿಲು ತೆಗೆಯಬೇಕು ಅನ್ನಿಸಿತು. ಅವನಿಗೆ ಹೇಳಬೇಕಾದ ಮಾತನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಕಾಲು ತಿರುಗಲಿಲ್ಲ. ಹಳ್ಳ ದಾಟಿಬಿಟ್ಟೆ.

ಇಳಿಹೊತ್ತಿಗೆ ಮನೆಗೆ ಬಂದರೆ ಕೀಲಿ ಹಾಕಿದ ಹಾಗೆಯೇ ಇತ್ತು. ತೆರೆದು ನೋಡಿದೆ. ಕೋಣೆಯಲ್ಲಿ ಯಾರೂ ಇಲ್ಲ. ಗೋಡೆ, ಮಾಳಿಗೆ ಎಲ್ಲ ನೆಟ್ಟಗಿದ್ದವು. ಗುರಪ್ಪ ಬಂಡಿ ಹತ್ತಿ ಹೋದನೆಂದು ಓಣಿಯವರು ಹೇಳಿದರು.

ಪರೀಕ್ಷೆ ಮುಗಿಸಿ ಬಂದವನೇ ಅವನು ನನ್ನ ಕಾಲಿಗೆ ಬಿದ್ದ.

"ಸಿಟ್ಟಿನ್ಯಾಗ ಕೀಲಿ ಹಾಕಿದ್ರೂ ತಿರುಗಿ ಬಂದು ತಗದ್ಯಲ್ಲೋ ಅಣ್ಣಾ! ಅಳಕೋತ ನಿಂತಿದ್ದಿ ನೀ. ‘ಹೋಗೋ ತಮ್ಮಾ, ಕಲಿ. ಕಲತು ನನ್ನಂಥ ಕುಣ್ಯಾಗಿನ ಹುಡುಗರಿಗೆ ಕಲಸು’ ಅಂದಿ. ಕಾರಕೂನಕಿ ನನಗ ಬ್ಯಾಡ. ನಾ ಮಾಸ್ತರನ ಆಗ್ತೇನಿ."

ಹಳ್ಳದ ದಂಡೆಯಲ್ಲಿ ನಾನು ಹೊಂದಿಸಿಕೊಂಡ ಮಾತು ಅದೇ. ಅದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಬಂದವನು ನಾನಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಈಗ ಅವನು ಮಾಸ್ತರನಾಗಿ ವರ್ಷಗಳೇ ಆದವು. ಈ ಕೆಲಸ ಯಾಕೆ ಹಿಡಿದಿರಿ ಎಂದು ಯಾರು ಕೇಳಿದರೂ, ನಮ್ಮಣ್ಣನ ಮಾತಿಗೆ ಎನ್ನುತ್ತಾನೆ. ಅಂದು ಬಾಗಿಲು ತೆಗೆದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ.

ಹಬ್ಬಕ್ಕೆ ಬಂದಾಗಲೆಲ್ಲ ಮಗ್ಗದ ಹತ್ತಿರ ಬಂದು ಕೂರುತ್ತಾನೆ. "ಕಾಲು ಮ್ಯಾಲ ತಗಿ ಅಣ್ಣಾ, ನಮಸ್ಕಾರ ಮಾಡ್ತೇನಿ" ಎನ್ನುತ್ತಾನೆ. ನಾನು ಕುಣಿಯಿಂದ ಕಾಲು ಮೇಲೆತ್ತುತ್ತೇನೆ. ಅವನು ಮುಟ್ಟಿ ಎದ್ದ ಮೇಲೆ ಮತ್ತೆ ಒಳಗೆ ಇಳಿಬಿಡುತ್ತೇನೆ.