ಸುತ್ತಿಗೆಯ ಕೆಳಗಿನ ಪಾಟಿ

ನನಗೆ ಸಿಟ್ಟು ಬೇಗ ಬರುತ್ತದೆ, ಹೌದು. ಆದರೆ ಆವತ್ತಿನ ಸಿಟ್ಟಿಗೆ ಕಾರಣವಿತ್ತು.

ಹಿರೇಕೆರೂರಿನಲ್ಲಿ ನಾನೂ ಅಪ್ಪನೂ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತೇವೆ. ಯಾವ ಮೋಟಾರಿಗೆ ಎಷ್ಟು ಸುತ್ತು ಎಂಬುದೆಲ್ಲ ಅಪ್ಪನ ತಲೆಯಲ್ಲೇ ಇತ್ತು. ಸುತ್ತು ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಹೋದ ವರ್ಷ ಅಪ್ಪ ಹೇಳಿದಂತೆ ನಾನು ಸುತ್ತಿದ ಮೋಟಾರೊಂದು ಎಂಟೇ ದಿನಕ್ಕೆ ಶಿಗ್ಗಾಂವಿಯಿಂದ ಕರಕಲಾಗಿ ವಾಪಸು ಬಂತು. ಅಪ್ಪ ಮರೆಯುತ್ತಿದ್ದ. ಒಪ್ಪಿಕೊಳ್ಳುತ್ತಿರಲಿಲ್ಲ.

ಪೂರ್ತಿ ಮರೆಯುವುದರೊಳಗೆ ಬರೆದಿಟ್ಟುಕೊಳ್ಳಬೇಕಿತ್ತು. ಕಾಗದದ ವಹಿಯಾದರೆ, ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ಕುಡಿದು ಹಾಳೆಗಳೆಲ್ಲ ಅಂಟಿಕೊಳ್ಳುತ್ತಿದ್ದವು. ಫೋನಿನ ಪರದೆ ಅಂಗಡಿ ಮುಂದಿನ ಬಿಸಿಲಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಪರದೆಯ ಮೇಲೇ ಪೆನ್ನಿನಿಂದ ಬರೆಯುವ ಸೋವಿಯದೊಂದು ಇ-ಇಂಕ್ ನೋಟ್‌ಪ್ಯಾಡ್ ತರಿಸಿದೆ. ಬಿಸಿಲಲ್ಲೂ ಕಾಗದದಂತೆ ಕಾಣುತ್ತದೆ, ಎಣ್ಣೆಗೈ ತಾಗಿದರೆ ಒರೆಸಿದರಾಯಿತು. ಶಾಲೆ ಮಕ್ಕಳ ಸ್ಲೇಟಿನಂತಿದೆ ಎಂದು ಅಪ್ಪ ನಕ್ಕ. "ಇಷ್ಟು ವಯಸ್ಸಾದ ಮ್ಯಾಲೆ ಮತ್ತ ಪಾಟಿ ಹಿಡ್ಯಾಕತ್ತೀಯೇನವ್ವಾ?" ಬಂದ ಗಿರಾಕಿಗಳ ಮುಂದೆಲ್ಲ ಇದೇ ಚೇಷ್ಟೆ. ನಾನು ಹಲ್ಲು ಕಚ್ಚಿಕೊಂಡು ಒಂದೊಂದೇ ಮೋಟಾರಿನ ಸುತ್ತು ಕೇಳಿದೆ, ಅಪ್ಪ ಹೇಳಿದ್ದನ್ನೆಲ್ಲ ಬರೆದೆ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದನ್ನು ಮಾತ್ರ ಈ ಐತವಾರ, ಮುಂದಿನ ಐತವಾರ ಅಂತ ತಳ್ಳುತ್ತ ಹೋದೆ.

ಆಯುಧಪೂಜೆಯ ದಿನ ಹಾನಗಲ್ಲಿನ ಕಬ್ಬಿನ ಹೊಲಕ್ಕೆ ಐದು ಎಚ್‌ಪಿ ಮೋಟಾರೊಂದನ್ನು ಕೂರಿಸಿ ಮಧ್ಯಾಹ್ನ ಬಂದೆ. ಆ ವರ್ಷ ಬಂದ ಹೊಸ ಹತಾರವನ್ನು ಅಜ್ಜನ ಕಾಲದ ಸುತ್ತಿಗೆಯ ಕೆಳಗಿಟ್ಟು ಪೂಜೆ ಮಾಡಬೇಕು, ಮರುದಿನದವರೆಗೆ ಮುಟ್ಟಬಾರದು; ಇದು ನಮ್ಮ ಅಂಗಡಿಯ ರಿವಾಜು. ನೋಡಿದರೆ ಸುತ್ತಿಗೆಯ ಕೆಳಗೆ ನನ್ನ ನೋಟ್‌ಪ್ಯಾಡು! ಮೇಲೆ ಮೂರೆಳೆ ವಿಭೂತಿ, ಕುಂಕುಮ, ಚೆಂಡುಹೂವು. ಸುತ್ತಿಗೆಯ ಭಾರಕ್ಕೆ ಪರದೆ ಅಡ್ಡಡ್ಡ ಸೀಳಿತ್ತು.

"ಅಯ್ಯ ಯಪ್ಪಾ, ಏನ್ ಮಾಡಿಟ್ಟೀ!" ಎಂದು ಕೈ ಹಾಕಿದೆ.

"ಮುಟ್ಟಬ್ಯಾಡ! ನಾಳಿ ಮಟಾ ಮುಟ್ಟಬಾರ್ದು. ವರ್ಷೆಲ್ಲಾ ನಕ್ಕೇನಿ, ಇವತ್ತರ ಅದಕ್ಕ ಮರ್ಯಾದಿ ಕೊಡೂಣಂತ..."

"ನಿನ್ನ ಮರ್ಯಾದಿಗೆ ಬೆಂಕಿ ಹತ್ತಲಿ!"

ಕಿತ್ತುಕೊಂಡೆ. ಹೂವು ನೆಲಕ್ಕೆ ಬಿತ್ತು. ಕಂಪ್ಯೂಟರಿಗೆ ಕೇಬಲ್ ಹಚ್ಚಿದರೆ, ಒಳಗಿನದನ್ನು ಬಿಟ್ಟುಕೊಡಲು ಪರದೆಯ ಮೇಲೆ ಒಪ್ಪಿಗೆ ಒತ್ತಬೇಕಂತೆ. ಒಡೆದ ಪರದೆಯಲ್ಲಿ ಎಲ್ಲಿ ಒತ್ತಲಿ, ನನ್ನ ಹಣೆಬರಹ! ಅದನ್ನು ಮಾಡಿದವರಿಗೂ, ಅಪ್ಪನಿಗೂ, ನನ್ನ ಐತವಾರಗಳಿಗೂ ಬಾಯಿಗೆ ಬಂದಂತೆ ಬೈದೆ. ಈ ಪರದೆಗಳು ಸತ್ತರೂ ಕೊನೆಯ ಪುಟವನ್ನು ಬಿಡುವುದಿಲ್ಲ. ಮೂಲೆಯಲ್ಲಿ ಒಂದೇ ಸಾಲು ಉಳಿದಿತ್ತು, ಹಾನಗಲ್ಲಿನ ಮೋಟಾರಿನದು: ನಲವತ್ತಾರು ಸುತ್ತು.

ಹಳೆಯ ವಹಿ ತಂದು ಅಪ್ಪನೆದುರು ಕುಳಿತೆ. "ಮೊದಲಿಂದ ಹೇಳು. ಇವತ್ತು ಹಾನಗಲ್ಲಿಗೆ ಕೊಟ್ಟ ಮೋಟಾರಿಗೆ ಎಷ್ಟು ಸುತ್ತು?"

"ಮೂವತ್ತೆರಡು." ಒಂದು ಕ್ಷಣವೂ ತಡೆಯಲಿಲ್ಲ.

ಬೇಕಂತಲೇ ಇನ್ನೊಮ್ಮೆ ಕೇಳಿದೆ.

"ಐವತ್ತು," ಎಂದ, ಅಷ್ಟೇ ಧೈರ್ಯದಿಂದ.

ಮೈಯೆಲ್ಲ ಉರಿಯಿತು. ಕೂಗಬೇಕೆನಿಸಿತು. ಯಾರ ಮೇಲೆ ಕೂಗಲಿ? ಅಪ್ಪ ಬಗ್ಗಿ ನೆಲದ ಹೂವು ಎತ್ತಿಕೊಂಡು, ವಹಿಯ ಕಡೆ ನೋಡಿದ.

"ಬರ್ಕೊಂಡ್ಯಾ?"

"ಬರ್ಕೊಂಡೆ ಯಪ್ಪಾ," ಎಂದೆ. ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ.