ಎರಡು ಅರ್ಜಿ, ಒಂದೇ ಹಾಡು

ಮೂರು ವರ್ಷದ ಹಿಂದೆ ನಾನು ಒಂದು ಟಿವಿ ಚಾನೆಲ್‌ನಲ್ಲಿ ಸಂಶೋಧನಾ ಸಂಯೋಜಕಿಯಾಗಿದ್ದೆ. ಯಾರಿಗೂ ಗೊತ್ತಿಲ್ಲದ ಹಾಡು ಬರಹಗಾರರನ್ನು ಹುಡುಕುವ ರಿಯಾಲಿಟಿ ಶೋ ಅದು. ಹಾಡುವ ಗಂಟಲು ಮುಖ್ಯವಲ್ಲ, ಬರೆದ ಸಾಹಿತ್ಯ ಸ್ವಂತದ್ದಾಗಿರಬೇಕು. ಅದು ಸ್ವಂತದ್ದೇ ಎಂದು ಖಚಿತಪಡಿಸಿಕೊಳ್ಳುವುದು ನನ್ನ ಕೆಲಸ. ಕಚೇರಿಯಲ್ಲಿ ಇದಕ್ಕೆ ‘ವೆರಿಫಿಕೇಶನ್’ ಎನ್ನುತ್ತಿದ್ದರು. ಬರೆದವರ ಊರಿಗೆ ಹೋಗಿ, ಹಳೆಯ ನೋಟ್‌ಬುಕ್ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ ವರದಿ ಕೊಡಬೇಕಿತ್ತು.

ಆ ಸಲ ನನ್ನ ಪಾಲಿಗೆ ಬಂದದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು. ನ್ಯಾಮತಿಯ ಆಡಿಷನ್ ಮುಗಿಯುವಷ್ಟರಲ್ಲಿ ನನಗೆ ಹಾಡು ಎಂದರೆ ತಲೆನೋವು ಎನ್ನುವಂತಾಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಕೇಳತೊಡಗುತ್ತದೆ. ಹಾಗೆ ಕೂತಿದ್ದಾಗಲೇ ಜಗಳೂರಿನಿಂದ ಬಂದ ಒಂದು ಧ್ವನಿಮುದ್ರಿಕೆ ಕೇಳಿ ಕೈ ನಿಂತಿತು. ಈ ಸಾಲನ್ನು ನಾಲ್ಕು ದಿನದ ಹಿಂದೆ ಕೇಳಿದ್ದೆ. ಹುಡುಕಿದೆ. ಹೊನ್ನಾಳಿಯ ಅರ್ಜಿ ಸಿಕ್ಕಿತು. ಪಲ್ಲವಿ, ಚರಣ, ಎಲ್ಲವೂ ಅದೇ.

ಎರಡು ತಟ್ಟೆ ಇಟ್ಟೀನಿ, ಒಂದು ಖಾಲಿ ಐತೆ
ಊಟದ ಗಂಟೆ ಹೊಡದಾಗ ಯಾರ ಹಾದಿ ಕಾಯಲೇ

ಮೊದಲು ಹೊನ್ನಾಳಿಗೆ ಹೋದೆ. ಅರ್ಜಿ ಹಾಕಿದವರು ನಾಗವೇಣಿ, ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡವರು. ಮಿಷನ್ ನಿಲ್ಲಿಸದೆ ಮಾತನಾಡಿದರು. ಪಿಯುಸಿ ಓದುವಾಗ ಚನ್ನಗಿರಿಯ ಹಾಸ್ಟೆಲ್‌ನಲ್ಲಿ ಸರೋಜಾ ಎಂಬ ಗೆಳತಿ ಇದ್ದಳಂತೆ. ಪರೀಕ್ಷೆಗೆ ಮೊದಲೇ ಮನೆಯವರು ಅವಳನ್ನು ಮದುವೆಗೆಂದು ಕರೆದುಕೊಂಡು ಹೋದರು. ಅವಳ ಹೆಸರು ಕೊರೆದ ಸ್ಟೀಲ್ ತಟ್ಟೆ ಹಾಸ್ಟೆಲ್‌ನಲ್ಲೇ ಉಳಿಯಿತು.

“ಊಟಕ್ಕೆ ಹೋದಾಗೆಲ್ಲ ಅದನ್ನೂ ಪಕ್ಕದಾಗೆ ಇಡ್ತಿದ್ದೆ ರೀ. ಆಗ ಬರ್ದಿದ್ದು,” ಎಂದರು.

“ಚರಣ?”

ಮಿಷನ್ ನಿಂತಿತು. “ಅದು ಅವಳದು. ಗಂಡನ ಮನೆಯಿಂದ ಕಾಗದದಾಗೆ ಬರ್ದು ಕಳ್ಸಿದ್ಲು. ಆಮ್ಯಾಗೆ ನಾನು ಮೂರು ಕಾಗದ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಅವಳಿಗೆ ನಾನು ಬ್ಯಾಡಾದೆ ಅಂದ್ಕೊಂಡೆ. ಅದಕ್ಕೇ ಅರ್ಜಿಯಾಗೆ ಅವಳ ಹೆಸರು ಬರೀಲಿಲ್ಲ.”

ಮರುದಿನ ಜಗಳೂರು. ಅಲ್ಲಿ ಅರ್ಜಿ ಹಾಕಿದ್ದು ಅದೇ ಸರೋಜಾ. ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಿದ್ದರು. ಊಟ ಮುಗಿದು, ತಟ್ಟೆ ತೊಳೆದು ಬೋರಲು ಹಾಕಿದ ಮೇಲೆ ಮಾತಿಗೆ ಸಿಕ್ಕರು. ಗಂಡನ ಮನೆಗೆ ಹೋದ ಹೊಸದರಲ್ಲಿ ನಾಗವೇಣಿಯ ಪಲ್ಲವಿ ಕಾಗದದಲ್ಲಿ ಬಂತು, ಉತ್ತರವಾಗಿ ತಾನು ಚರಣ ಬರೆದೆ ಎಂದು ಕೇಳುವ ಮೊದಲೇ ಹೇಳಿ, ಮೆಲ್ಲಗೆ ಹಾಡಿದರು.

ಇಲ್ಲಿ ಹನ್ನೆರಡು ತಟ್ಟೆ ತೊಳೀತೀನಿ ಗೆಳತಿ
ಒಂದರ ಮ್ಯಾಲೂ ನನ್ನ ಹೆಸರಿಲ್ಲ

“ಅದನ್ನ ಕಳ್ಸಿದ ಮ್ಯಾಲೆ ಅವಳು ಬರೀಲೇ ಇಲ್ಲ ಮೇಡಂ. ಓದಿ ದೊಡ್ಡಾಕಿ ಆಗಿರ್ತಾಳೆ, ನಾನ್ಯಾಕೆ ನೆನಪಿರ್ತೀನಿ.”

ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಬ್ಬ ಸ್ಪರ್ಧಿಯ ವಿಷಯ ಇನ್ನೊಬ್ಬರಿಗೆ ತಿಳಿಸಬಾರದೆಂದು ನಾನು ಸಹಿ ಹಾಕಿದ್ದೆ. ಲಾಡ್ಜ್‌ಗೆ ಬಂದು ನಿರ್ದೇಶಕರಿಗೆ ಫೋನ್ ಮಾಡಿದೆ. ಅವರಿಗೆ ಖುಷಿಯೋ ಖುಷಿ.

“ಇಬ್ಬರಿಗೂ ಹೇಳಬೇಡಿ ಮೇಡಂ. ಸ್ಟೇಜ್ ಮೇಲೆ ಮುಖಾಮುಖಿ ಮಾಡಿಸೋಣ. ಹಾಡು ಯಾರದು ಅಂತ ಮೊದಲು ಜಗಳ ಆಗಲಿ, ಆಮೇಲೆ ಕಾಗದದ ವಿಷಯ ತೆಗೆಯೋಣ.”

ಹಿಂದಿನ ಸೀಸನ್‌ನಲ್ಲಿ ಇಂಥದ್ದೇ ಒಂದನ್ನು ನಾನೇ ಮಾಡಿಸಿದ್ದೆ. ಒಬ್ಬ ಸ್ಪರ್ಧಿ ಹೆಂಗಸಿನ ಎದುರು, ಮನೆ ಬಿಟ್ಟುಹೋಗಿದ್ದ ಅವರ ಅಣ್ಣನನ್ನು ಹೇಳದೆ ಕೇಳದೆ ತಂದು ನಿಲ್ಲಿಸಿದ್ದೆವು. ಆಮೇಲೆ ಆ ಹೆಂಗಸು ವೇದಿಕೆಯ ಹಿಂದೆ ನೆಲದ ಮೇಲೆ ಕೂತವರು ಮೈಕ್ ಬಿಚ್ಚಲೂ ಬಿಡಲಿಲ್ಲ. ಆ ಎಪಿಸೋಡ್ ಚೆನ್ನಾಗಿ ಓಡಿತು. ಕಚೇರಿಯಲ್ಲಿ ನನಗೆ ಚಪ್ಪಾಳೆಯೂ ಸಿಕ್ಕಿತು. ಇನ್ನೊಮ್ಮೆ ಅದನ್ನು ಮಾಡಿಸುವ ಶಕ್ತಿ ನನ್ನಲ್ಲಿ ಇರಲಿಲ್ಲ. ಧೈರ್ಯ ಮಾಡಿದೆ ಎಂದು ಹೇಳಿಕೊಳ್ಳಲಾರೆ, ಸಾಕಾಗಿತ್ತು ಅಷ್ಟೆ. ಇಬ್ಬರಿಗೂ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಚನ್ನಗಿರಿ ಬಸ್ ನಿಲ್ದಾಣದಲ್ಲಿ ಸಿಗುವುದೆಂದು ಅವರೇ ಗೊತ್ತು ಮಾಡಿಕೊಂಡರು. ನನ್ನನ್ನೂ ಕರೆದರು. ಹೊನ್ನಾಳಿಯಿಂದ ಬಂದ ನಾಗವೇಣಿ ಮೊದಲೇ ಬೆಂಚಿನ ಮೇಲೆ ಕೂತಿದ್ದರು. ದಾವಣಗೆರೆ ಬಸ್ಸಿಳಿದ ಸರೋಜಾ ಹತ್ತಿರ ಬಂದು ನಿಂತರು. ಯಾರೂ ಅಪ್ಪಿಕೊಳ್ಳಲಿಲ್ಲ.

“ಯಾಕೆ ಬರೀಲಿಲ್ಲೇ?” ಎಂದು ಸರೋಜಾ ಕೇಳಿದರು.

“ಬರ್ದೆ. ಮೂರು ಸಲ.”

ಸರೋಜಾ ಹೆಗಲ ಚೀಲವನ್ನು ಬೆಂಚಿನ ಮೇಲಿಟ್ಟರು. “ನಮ್ಮತ್ತೆ ಇಸ್ಕೊಂಡು ಮುಚ್ಚಿಟ್ಟಿರ್ಬೇಕು. ಈಗ ಅವರೂ ಇಲ್ಲ, ಯಾರನ್ನ ಕೇಳಾಕೆ ಹೋಗ್ಲಿ,” ಎಂದು ಪಕ್ಕದಲ್ಲಿ ಕೂತರು. ನಾಗವೇಣಿ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟರು. ನಾನು ಎದ್ದು ಅಂಗಡಿಗಳ ಕಡೆ ಹೋದೆ. ಗಂಟೆ ಕಳೆದು ಬಂದಾಗ ಇಬ್ಬರೂ ಹಾಸ್ಟೆಲ್‌ನ ಅಡುಗೆಯವರ ಬಗ್ಗೆ ಮಾತನಾಡಿ ನಗುತ್ತಿದ್ದರು.

ಇಬ್ಬರ ಹೆಸರಲ್ಲೂ ಹಾಡನ್ನು ಸ್ಪರ್ಧೆಗೆ ಹಾಕೋಣ, ನಾನು ವಾದಿಸುತ್ತೇನೆ ಎಂದೆ. ಇಬ್ಬರೂ ಮುಖಮುಖ ನೋಡಿಕೊಂಡರು.

“ಬ್ಯಾಡ ಬಿಡ್ರಿ ಮೇಡಂ,” ಎಂದರು ನಾಗವೇಣಿ. “ಟಿವಿಯಾಗೆ ಬಂದ್ರೆ ಇವಳು ಎಲ್ಲಿದ್ರೂ ಕೇಳ್ತಾಳೆ ಅಂತ ನಾನು ಅರ್ಜಿ ಹಾಕಿದ್ದು. ಇವಳೂ ಅದಕ್ಕೇ ಹಾಕಿದ್ಲಂತೆ. ಈಗ ಕೇಳಿದಂಗಾತಲ್ಲ.”

ಅರ್ಜಿಗಳೆರಡನ್ನೂ ಹಿಂದಕ್ಕೆ ಪಡೆದರು. ಆ ಜಾಗಕ್ಕೆ ಬೇರೊಂದು ಹಾಡು ಹಾಕಿ ಎಪಿಸೋಡ್ ತುಂಬಿಸಿದೆವು, ಅದು ಯಾವುದೆಂದು ಈಗ ನೆನಪಿಲ್ಲ. ನಾನೇ ಹೇಳಿದ್ದು ಎಂದು ನಿರ್ದೇಶಕರಿಗೆ ಒಪ್ಪಿಕೊಂಡೆ. ಮುಂದಿನ ಸೀಸನ್‌ಗೆ ನನ್ನನ್ನು ಕರೆಯಲಿಲ್ಲ.

ಈಗ ಇನ್ನೊಂದು ಚಾನೆಲ್‌ನಲ್ಲಿ ಅದೇ ಕೆಲಸ, ಅದೇ ಹೆಡ್‌ಫೋನ್. ಆದರೆ ವೆರಿಫಿಕೇಶನ್‌ಗೆ ಹೋದಾಗ ‘ಇದನ್ನು ಬರೆದವರು ಯಾರು’ ಎಂದು ಮೊದಲು ಕೇಳುವುದನ್ನು ಬಿಟ್ಟಿದ್ದೇನೆ. ಯಾರಿಗೆಂದು ಬರೆದಿರಿ ಎಂದು ಕೇಳುತ್ತೇನೆ. ಕೆಲವೊಮ್ಮೆ ಉತ್ತರ ಕೇಳಿ ಫೈಲ್ ಮುಚ್ಚುತ್ತೇನೆ, ಅವರು ಯಾರಿಗೆಂದು ಬರೆದರೋ ಅವರ ಫೋನ್ ನಂಬರ್ ಹುಡುಕಿಕೊಟ್ಟು ಬರುತ್ತೇನೆ.