ಆಟ ಆಡಿಸುತ್ತಿದ್ದ ಸಾಹುಕಾರ

ಎರೆಹೊಲದಲ್ಲಿ ಬಿಳಿ ಬೂಟು ಹಾಕಿಕೊಂಡು ಓಡಾಡುವ ಮನುಷ್ಯನನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಮಳೆ ಬಿದ್ದ ಮರುದಿನ ಇಂಡಿ ಕಡೆಯ ಮಣ್ಣು ಎಂಥದೆಂದು ನಡೆದವರಿಗೆ ಗೊತ್ತು. ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೆ ಒಂದೊಂದು ಬುಟ್ಟಿ ಮಣ್ಣು ಅಂಟುತ್ತದೆ. ಇವರು ಆ ಗಡ್ಡೆಗಳನ್ನು ಎಳೆದುಕೊಂಡು ಬಾತುಕೋಳಿಯ ಹಾಗೆ ತೋಟದೊಳಗೆ ಬರುವರು. ಬದುವಿನ ಕಲ್ಲಿನ ಮೇಲೆ ಕೂತು ಕಡ್ಡಿಯಿಂದ ಕೆರೆಯುವರು. ಮತ್ತೆ ಅದೇ ಬೂಟು ಹಾಕಿ ಅದೇ ಮಣ್ಣಿಗೆ ಇಳಿಯುವರು.

"ಚಪ್ಪಲಿ ಹಾಕ್ಕೊಂಡ ಬರ್ರಿ ಸಾವ್ಕಾರ್ರ" ಎಂದರೆ, "ವಿಡಿಯೋದಾಗ ಚಲೋ ಕಾಣಾಂಗಿಲ್ಲೋ" ಎನ್ನುವರು.

ನಾನು ಮೋಟಾರು ರಿಪೇರಿ ಮಾಡುವವನು, ಡ್ರಿಪ್ ಪೈಪು ಕೂಡಿಸುವವನು. ಇಂಡಿಯಿಂದ ದೇವರ ಹಿಪ್ಪರಗಿವರೆಗೆ ಯಾರು ಕರೆದರೂ ಹೋಗುತ್ತೇನೆ. ಸಾಹುಕಾರರ ನಿಂಬೆ ತೋಟಕ್ಕೆ ಮಾತ್ರ ಕರೆಯದಿದ್ದರೂ ಹೋಗಬೇಕಾಗುತ್ತಿತ್ತು, ಅಷ್ಟು ಸಲ ಅವರು ಮೋಟಾರು ಸುಡುತ್ತಿದ್ದರು. ತೋಟ ಅವರ ಅಪ್ಪ ಬೆಳೆಸಿದ್ದು. ಇವರು ಸೊಲ್ಲಾಪುರದಲ್ಲಿ ಯಾವುದೋ ಕಂಪನಿಯ ಮಾಲು ಮಾರಿಕೊಂಡಿದ್ದು, ಅಲ್ಲಿ ಸರಿಹೋಗದೆ ಬಂದು ತೋಟದ ಮನೆಯಲ್ಲಿ ಕೂತವರು. ಅವರ ಹೆಂಡತಿಯನ್ನು ನಾನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದೆ. ವೈನಿ ಸಿಂದಗಿಯಲ್ಲಿ ನರ್ಸು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಇಳಿಯುವರು. ಮನೆ ನಡೆಯುತ್ತಿದ್ದುದು ಅವರ ದುಡಿಮೆಯಿಂದ, ಸಾಹುಕಾರ ಎಂಬ ಹೆಸರು ಮಾತ್ರ ಇವರಿಗೆ.

ಎರಡು ಮಕ್ಕಳು. ಹುಡುಗಿ ದೊಡ್ಡವಳು, ಬಾಯಿ ಜೋರು. ಹುಡುಗನಿಗೆ ಆಗ ಏಳು ವರ್ಷ ಇರಬೇಕು. ಅವನಿಗೆ ಮಾತು ಉಗ್ಗುತ್ತಿತ್ತು. ಶಾಲೆಯಲ್ಲಿ ಒಂದು ದಿನ ಮಾಸ್ತರರು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಹೆಸರು ಹೇಳಿಸಿದರಂತೆ. ಹೆಸರು ಹೊರಗೆ ಬರುವಷ್ಟರಲ್ಲಿ ಇಡೀ ವರ್ಗ ನಕ್ಕಿತ್ತು. ಅವತ್ತು ಮನೆಗೆ ಬಂದ ಹುಡುಗ ಬಾಯಿ ಮುಚ್ಚಿದವನು ಅವ್ವನ ಜೊತೆಗೂ ಮಾತು ಬಿಟ್ಟ. ಸಾಹುಕಾರರು ಶಾಲೆಗೆ ಹೋಗಿ ಜಗಳ ತೆಗೆದು ಎರಡೂ ಮಕ್ಕಳನ್ನು ಬಿಡಿಸಿಕೊಂಡು ಬಂದರು.

ಅಷ್ಟು ಸರಿ ಮಾಡಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅದಕ್ಕೊಂದು ಹೆಸರಿಟ್ಟರು, ಹೋಮ್ ಸ್ಕೂಲಿಂಗ್ ಅಂತ. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟು ಮನೆಯಲ್ಲಿದ್ದವನು. ನನ್ನದೂ ಹೋಮ್ ಸ್ಕೂಲಿಂಗ್ ಎಂದು ಆಗ ಯಾರೂ ಹೇಳಲಿಲ್ಲ. ದಡ್ಡ ಎಂದರು.

ಸಾಹುಕಾರರ ಬಾಯಲ್ಲಿ ಸದಾ ಒಂದು ಮಾತು: "ಮಕ್ಕಳನ್ನ ಬಿಟ್ಟುಬಿಡಬೇಕೋ ತಮ್ಮಾ. ಆಟದಾಗ ತಾವ ಕಲೀತಾವ." ಮಾತೇನೋ ಚಂದ. ಆದರೆ ಈ ಮನುಷ್ಯ ಆ ಮಕ್ಕಳನ್ನು ಒಂದು ಗಳಿಗೆ ಬಿಟ್ಟವರಲ್ಲ. ಫೋನು ಹಿಡಿದು ಹಿಂದೆ ಹಿಂದೆ. ಮಕ್ಕಳು ಆಡಿ ಕಲಿಯುವುದನ್ನು ಜಗತ್ತಿಗೆ ತೋರಿಸಬೇಕಂತೆ. ಜಗತ್ತು ಕೇಳಿತ್ತೇ?

ಒಂದು ದಿನ ನಾನು ಬಾವಿಗೆ ಪೈಪು ಇಳಿಸುತ್ತಿದ್ದೆ. "ಏ ತಮ್ಮಾ, ಇಲ್ಲಿ ಬಾ. ನೀ ರೈತ ಆಗು" ಎಂದು ಕರೆದರು. ಮಕ್ಕಳು ಸಂತೆಯ ಆಟ ಆಡುತ್ತಿದ್ದರು. ಆಡುತ್ತಿದ್ದರು ಎಂದರೆ, ಆಡಲು ಕೂಡಿಸಿದ್ದರು. ಬೇವಿನ ಗಿಡದ ಕೆಳಗೆ ಇಸ್ತ್ರಿ ಮಾಡಿದ ಚಾದರ, ಅದರ ಮೇಲೆ ತೊಳೆದು ಒರೆಸಿದ ನಿಂಬೆಕಾಯಿ, ಪೇಟೆಯಿಂದ ತಂದ ಹೊಸ ತಕ್ಕಡಿ. ನನ್ನ ತಲೆಗೆ ಟವೆಲ್ ಸುತ್ತಿ, ದೂರ ಸರಿದು ನೋಡಿ, "ರೈತನ ಹಂಗ ಕಾಣವಲ್ಲಿ" ಎಂದರು.

"ನಮ್ಮಪ್ಪ ರೈತನ ಅದಾನ್ರಿ. ಹಿಂಗ ಕಾಣ್ತಾನ."

"ಅಂವ ಹ್ಯಾಂಗರ ಕಾಣ್ಲಿ. ನೀ ಸ್ವಲ್ಪ ಬಾಗಿ ನಿಂದ್ರು."

ಬಾಗಿ ನಿಂತೆ. ಹುಡುಗ ಹೇಳಬೇಕಾದ್ದು ಒಂದೇ ಮಾತು, ನಿಂಬಿಕಾಯಿ ತಗೋರಿ ಅಂತ. "ನಿ... ನಿ... ನಿ..." ಎಂದು ಸಿಕ್ಕಿಕೊಂಡ. ಕುತ್ತಿಗೆಯ ನರ ಉಬ್ಬಿತು.

"ಅಡ್ಡಿ ಇಲ್ಲ, ಅಡ್ಡಿ ಇಲ್ಲ. ಇನ್ನೊಮ್ಮೆ. ಖುಷೀಲೆ ಅನ್ನು."

ಇನ್ನೊಮ್ಮೆ ಆಯಿತು, ಮತ್ತೊಮ್ಮೆ ಆಯಿತು. ಹುಡುಗನ ಕಣ್ಣು ತುಂಬಿದವು. ಆಮೇಲೆ ಮುಖ ಕಟ್ಟಿಗೆಯಾಯಿತು. ಸಾಹುಕಾರರು ಸ್ವಲ್ಪ ಯೋಚಿಸಿ, "ಅಡ್ಡಿ ಇಲ್ಲ ಬಿಡು. ನೀ ಬಾಯಿ ಅಷ್ಟ ಅಲ್ಲಾಡ್ಸು. ಅಕ್ಕನ ದನಿ ಹಾಕೂಣು" ಎಂದರು.

ಹಾಕಿಯೂ ಬಿಟ್ಟರು. ಮರುದಿನ ಸಂಜೆ ನನಗೆ ತೋರಿಸಿದರು. ಹುಡುಗನ ಬಾಯಿಂದ ಹುಡುಗಿಯ ದನಿ ಗಂಟೆಯ ಹಾಗೆ ಬರುತ್ತಿತ್ತು. ಕೆಳಗೆ ಮಂದಿ ಎಂಥ ಚುರುಕು ಹುಡುಗ ಎಂದು ಬರೆದಿದ್ದರು. ಅಷ್ಟರಲ್ಲಿ ವೈನಿ ಬಸ್ಸಿಳಿದು ಬಂದರು. ಹೆಗಲ ಚೀಲ ಇಳಿಸದೆ ನಿಂತು ನೋಡಿದರು.

"ಅವನ ಬಾಯಾಗ ಮಂದಿ ದನಿ ಯಾಕ ತುಂಬ್ತೀರಿ? ನನಗ ಅವನ ದನಿ ಬೇಕಾಗೇತಿ."

"ಬರ್ತೈತಿ, ಬರ್ತೈತಿ. ಮಕ್ಕಳನ್ನ ಬಿಟ್ಟುಬಿಡಬೇಕು."

"ಯಾವಾಗ ಬಿಟ್ಟೀರಿ?" ಎಂದು ವೈನಿ ಒಳಗೆ ಹೋದರು. ಸಾಹುಕಾರರು ನನ್ನ ಕಡೆ ತಿರುಗಿ, "ಹೆಣ್ಮಕ್ಕಳಿಗೆ ತಿಳಿಯಾಂಗಿಲ್ಲ" ಎಂದರು. ದುಡಿದು ಬಂದವಳಿಗೆ ಕುಡಿಯಲು ನೀರು ಕೊಡಲು ತಿಳಿಯದವರು.

ಆ ಮಕ್ಕಳ ಖರೆ ಆಟ ಬೇರೆ ಕಡೆ ನಡೆಯುತ್ತಿತ್ತು. ಮಧ್ಯಾಹ್ನ ಉಂಡ ಮೇಲೆ ಸಾಹುಕಾರರು ಗೊರಕೆ ಹೊಡೆಯುವರು. ಆಗ ಮಕ್ಕಳಿಬ್ಬರೂ ಪಂಪಿನ ಖೋಲಿಯ ಹಿಂದೆ ಓಡುವರು, ತೋಟದ ಆಳುಮಗನ ಮಗಳೂ ಜೊತೆಗೆ. ಅಲ್ಲಿ ನಾನು ಬಿಸಾಡಿದ ಪೈಪಿನ ತುಂಡು, ಒಡೆದ ಕ್ರೇಟು, ಸುಟ್ಟ ಮೋಟಾರಿನ ಚಿಪ್ಪು. ಅದೇ ಅವರ ದವಾಖಾನೆ. ಹುಡುಗಿ ನರ್ಸು. ಅವ್ವ ತಂದುಕೊಟ್ಟ ಮಾತ್ರೆಯ ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದರ ಮೇಲಿನ ಇಂಗ್ಲಿಷ್ ಹೆಸರು ಕೂಡಿಸಿ ಕೂಡಿಸಿ ಓದುವಳು. ಯಾರೂ ಕಲಿಸಿರಲಿಲ್ಲ. ಬೇರೆ ಗುಳಿಗೆ ಕೊಟ್ಟರೆ ರೋಗಿ ಸಾಯುತ್ತಾನೆಂಬ ಅಂಜಿಕೆಗೆ ಕಲಿತದ್ದು. ಹುಡುಗ ಆಂಬ್ಯುಲೆನ್ಸು. ಮಾತಿನ ಗೊಡವೆ ಇಲ್ಲ, ಕುಂಯ್ ಕುಂಯ್ ಎಂದು ಓಡಿದರಾಯಿತು.

ನಾನು ಅಲ್ಲಿಗೆ ನಟ್ಟು ಬಿಗಿಯುವ ಪಾನಾ ಹುಡುಕಲು ಹೋದಾಗ ಹುಡುಗಿ ಅಡ್ಡ ನಿಂತಳು. "ಅಣ್ಣಾ, ಅಪ್ಪಗ ಹೇಳಬ್ಯಾಡ. ಇಲ್ಲೀನೂ ಬರ್ತಾನ."

ನಾನು ಹೇಳಲಿಲ್ಲ.

ಅಷ್ಟು ಹೊತ್ತಿಗೆ ಸಾಹುಕಾರರ ಹೆಸರು ಹಬ್ಬಿತ್ತು. ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ ಮಂದಿ ಗಾಡಿ ಮಾಡಿಕೊಂಡು ಬರತೊಡಗಿದರು. ನಮ್ಮ ಹುಡುಗನನ್ನೂ ಶಾಲೆ ಬಿಡಿಸಬೇಕೋ ಬ್ಯಾಡೋ ಹೇಳಿರೆಂದು ಇವರನ್ನು ಕೇಳುವವರು! ಇವರು ನಿಂಬೆ ಶರಬತ್ತು ಕೊಟ್ಟು, ಕಾಲ ಮೇಲೆ ಕಾಲು ಹಾಕಿ ಗಂಟೆಗಟ್ಟಲೆ ಹೇಳುವರು. ನಡುನಡುವೆ ತಮ್ಮ ಮಕ್ಕಳ ಕಡೆ ತಿರುಗಿ, "ಆಡ್ರಿ, ಆಡ್ರಿ, ಅಂಗಿ ಹೊಲಸ ಮಾಡ್ಕೋಬ್ಯಾಡ್ರಿ" ಎನ್ನುವರು. ಬಂದವರು ತಲೆದೂಗುವರು. ತಲೆದೂಗುವ ಮಂದಿಯನ್ನು ಕಂಡರೆ ನನಗೆ ಮೊದಲಿನಿಂದ ಆಗುವುದಿಲ್ಲ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಾಗೇವಾಡಿಯ ಅರಿವೆ ವ್ಯಾಪಾರಿ ಗಂಡ ಹೆಂಡತಿ ಬಂದರು. ಸಾಹುಕಾರರನ್ನು ನಿದ್ದೆಯಿಂದ ಎಬ್ಬಿಸಿದರು. ಮಕ್ಕಳು ಮನೆಯಲ್ಲಿಲ್ಲ. "ಎಲ್ಲೋ ಆಡಾಕತ್ತಿರ್ತಾವ. ನಮ್ಮ ಮಕ್ಕಳಿಗೆ ತೋಟನ ಸಾಲಿ. ಬರ್ರಿ ತೋರಸ್ತೇನಿ" ಎಂದು ಹೊರಟರು. ಪಂಪಿನ ಖೋಲಿಯಲ್ಲಿ ವೈರು ಜೋಡಿಸುತ್ತಿದ್ದ ನಾನೂ ಎದ್ದು ಹಿಂದೆ ಹೋದೆ. ಹೋಗಬೇಡಿರಿ ಎನ್ನಲು ನನಗೆ ನೆವ ಹೊಳೆಯಲಿಲ್ಲ.

ಖೋಲಿಯ ಮೂಲೆ ತಿರುಗುತ್ತಲೇ ಎಲ್ಲರೂ ನಿಂತೆವು. ಅವತ್ತು ದವಾಖಾನೆ ಇರಲಿಲ್ಲ. ಬೇರೆ ಆಟ. ಹುಡುಗ ನಮಗೆ ಬೆನ್ನು ಕೊಟ್ಟು ಬೋರಲು ಹಾಕಿದ ಕ್ರೇಟಿನ ಮೇಲೆ ನಿಂತಿದ್ದ. ಕೈಯಲ್ಲಿ ಅರ್ಧ ಇಟ್ಟಿಗೆ. ಅದನ್ನು ಫೋನಿನ ಹಾಗೆ ಕಣ್ಣಿನ ಮುಂದೆ ಹಿಡಿದಿದ್ದ. ಕೆಳಗೆ ಅವನ ಅಕ್ಕ ಮತ್ತು ಆಳುಮಗನ ಮಗಳು.

"ಏ, ನಗು ಬರವಲ್ದು!" ಎಂದ ಹುಡುಗ. "ಖುಷಿ ಇರ್ಲಿ ಮುಖದಾಗ. ಆಟ ಆಡಾಕತ್ತೀಯೋ, ಸಾಯಾಕತ್ತೀಯೋ? ಹಿಂದಕ ಸರಿ, ಬಿಸಲು ಬೀಳ್ತೈತಿ. ಮಂದಿ ನೋಡ್ತಾರ, ಮಂದಿ!"

ಒಂದಕ್ಷರ ಉಗ್ಗಲಿಲ್ಲ. ಗಂಟಲು ಗಡುಸು ಮಾಡಿಕೊಂಡು ಥೇಟ್ ಅಪ್ಪನ ದನಿ. ನನಗೆ ಮೊದಲು ನಗು ಬಂತು. ಅಷ್ಟರಲ್ಲಿ ಅವನ ಅಕ್ಕ ಕುತ್ತಿಗೆ ಬಿಗಿದುಕೊಂಡು "ನಿ... ನಿ... ನಿ..." ಎಂದಳು. ಅವಳು ತಮ್ಮನಾಗಿದ್ದಳು.

ಕ್ರೇಟಿನ ಮೇಲಿನ ಹುಡುಗ ಕೈ ಎತ್ತಿದ. "ಅಡ್ಡಿ ಇಲ್ಲ, ಅಡ್ಡಿ ಇಲ್ಲ. ನಿನ್ನ ದನಿ ತಗದ ಒಗಿತೇನಿ. ಚಲೋ ದನಿ ಹಾಕ್ತೇನಿ."

ನನ್ನ ನಗು ನಿಂತಿತು.

ವ್ಯಾಪಾರಿಯ ಹೆಂಡತಿ ಮಾತ್ರ ಬಾಯಿಗೆ ಸೆರಗು ಹಿಡಿದು ಕಿಲಕಿಲ ನಕ್ಕಳು. ವ್ಯಾಪಾರಿ ಮೆಲ್ಲಗೆ, "ಸರ್, ತಡಾ ಮಾಡಬ್ಯಾಡ್ರಿ, ವಿಡಿಯೋ ತಗೀರಿ. ಇಂಥಾದ್ದು ಮತ್ತ ಸಿಗಾಂಗಿಲ್ಲ" ಎಂದ. ಸಾಹುಕಾರರ ಕೈ ಕಿಸೆಗೆ ಹೋಯಿತು. ಮಗ ಮೊದಲ ಸಲ ತಡೆಯಿಲ್ಲದೆ ಮಾತಾಡುತ್ತಿದ್ದಾನೆ. ಈ ಮನುಷ್ಯ ಬಿಡುತ್ತಾರೆಯೇ? ಈಗ ತೆಗೆಯುತ್ತಾರೆ, ನಾನು ಕಸಿದು ಬಾವಿಗೆ ಒಗೆಯುತ್ತೇನೆ ಎಂದುಕೊಂಡೆ.

ಫೋನು ಹೊರಗೆ ಬಂತು. ಅದನ್ನು ನನ್ನ ಕೈಗೆ ಕೊಟ್ಟರು. ಮುಂದೆ ಹೋಗಿ, ಮಗಳ ಪಕ್ಕ ಮಣ್ಣಿನಲ್ಲಿ ಕೂತರು.

ಹುಡುಗ ಅಪ್ಪನನ್ನು ನೋಡಿದ. ಇಟ್ಟಿಗೆ ಕೆಳಗಿಳಿಯಿತು. ಮುಖ ಮತ್ತೆ ಕಟ್ಟಿಗೆಯಾಗತೊಡಗಿತು.

"ಸರ್," ಎಂದರು ಸಾಹುಕಾರರು ಮಗನಿಗೆ, "ನನ್ನೂ ಆಟಕ್ಕ ತಗೋತೀರೇನ್ರಿ? ನಾ ಏನ ಮಾಡ್ಲಿ?"

ವ್ಯಾಪಾರಿ ಏನೋ ಹೇಳಲು ಹೋದ. ನಾನು ಅವನ ರಟ್ಟೆ ಹಿಡಿದೆ. ಹುಡುಗ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಇಟ್ಟಿಗೆಯನ್ನು ಮತ್ತೆ ಕಣ್ಣಿಗೆ ಏರಿಸಿದ.

"ನೀ ಏನೂ ಮಾಡಬ್ಯಾಡ" ಎಂದ. "ನೀ ನಗಬ್ಯಾಡ. ಮಾತಾಡಬ್ಯಾಡ. ಸುಮ್ನ ಕುಂದ್ರು."

ಸಾಹುಕಾರರು ಕೂತರು. ನಾನು ಆ ಗಂಡ ಹೆಂಡತಿಯನ್ನು ಅವರ ಕಾರಿನವರೆಗೆ ಸಾಗಹಾಕಿ ಬಂದೆ. ವೈನಿ ಬಸ್ಸಿಳಿದು ಬರುವವರೆಗೂ ಸಾಹುಕಾರರು ಅಲ್ಲೇ ಕೂತಿದ್ದರು. ಬಾಯಿ ಬಿಡಲಿಲ್ಲ. ಅಂಥ ಮನುಷ್ಯನಿಗೆ ಅದೆಷ್ಟು ಕಷ್ಟವಾಗಿರಬೇಕು.

ವಿಡಿಯೋ ತೆಗೆಯುವುದು ಅವತ್ತೇ ಬಂದ್ ಆಯಿತು. ಆದರೆ ಅವರು ದೊಡ್ಡ ಮನುಷ್ಯರಾದರೆಂದು ನಾನು ಹೇಳುವುದಿಲ್ಲ. ಮುಂದಿನ ವರ್ಷ ಜೇನು ಸಾಕುವ ಹುಚ್ಚು ಹಿಡಿಯಿತು. ಹುಳುಗಳು ನೆರೆಯವರ ಎತ್ತಿಗೆ ಕಚ್ಚಿ ಪಂಚಾಯಿತಿಯಾಯಿತು. ಅದಕ್ಕೂ ಒಂದು ಉಪನ್ಯಾಸ ಕೊಟ್ಟರು. ಮೋಟಾರು ಸುಡುವುದು ನಿಲ್ಲಲಿಲ್ಲ. ಹುಡುಗನ ಮಾತೂ ಉಗ್ಗುವುದು ಬಿಡಲಿಲ್ಲ. ಆಟದಲ್ಲಿ ಬೇರೆಯವನಾದಾಗ ಹರಿಯುವುದು, ತಾನಾಗಿದ್ದಾಗ ತಡೆಯುವುದು. ಬದಲಾಗಿದ್ದು ಇಷ್ಟೇ: ಅವನು ಮಾತಾಡತೊಡಗಿದ. ಉಗ್ಗಿಕೊಂಡೇ ಮಾತಾಡಿದ.

ಮತ್ತು ಸಾಹುಕಾರರು ಮಕ್ಕಳು ಕೊಟ್ಟ ವೇಷ ಹಾಕಿ ಆಡತೊಡಗಿದರು. ಕತ್ತೆ, ರೋಗಿ, ಹೆಣ. ದೊಡ್ಡ ಗಂಡಸು ಹಗಲಲ್ಲಿ ಹೆಣವಾಗಿ ಮಲಗಿ, ಹುಡುಗರು ಎಬ್ಬಿಸುವವರೆಗೆ ಏಳದೆ ಇರುವುದನ್ನು ನೋಡಿ ನಾನು ಇಂಡಿಯ ಚಹದಂಗಡಿಯಲ್ಲಿ ಹೇಳಿ ಎಷ್ಟೋ ಸಲ ನಗಿಸಿದ್ದೇನೆ.

ಮನೆಯಲ್ಲಿ ಒಂದು ಕಾನೂನು ಬಂತು. ಹುಡುಗನ ಮಾತನ್ನು ಬೇರೆಯವರು ಮುಗಿಸಬಾರದು. ನಾನೊಮ್ಮೆ ತಪ್ಪಿದೆ. ಹುಡುಗ "ಮೋ... ಮೋ..." ಎನ್ನುತ್ತಿದ್ದ. "ಮೋಟಾರಾ?" ಎಂದೆ. ಸಾಹುಕಾರರು ಸಿಡಿದೆದ್ದರು.

"ನಿನ್ನ ಮಾತ ನೀ ಆಡು. ಅವನ ಮಾತ ಅಂವ ಆಡ್ತಾನ!"

ಹುಡುಗ ಹೇಳಬೇಕೆಂದಿದ್ದು ಮೋಡ. ಅದು ಹೊರಗೆ ಬರುವವರೆಗೆ ಸಾಹುಕಾರರು ಕೆಳತುಟಿ ಕಚ್ಚಿಕೊಂಡು ಕೂತಿದ್ದರು. ಮಗನ ಮಾತು ತುದಿ ಮುಟ್ಟುವವರೆಗೆ ತಮ್ಮ ಬಾಯಿ ತಡೆಯಲು ಅವರಿಗೆ ಅದೊಂದೇ ದಾರಿ. ನಾನು ಗಿರಾಕಿ ಎರಡನೇ ಮಾತು ಆಡುವುದರೊಳಗೆ ಫೋನು ಇಡುವವನು. ಒಬ್ಬರ ಮಾತು ಮುಗಿಯುವವರೆಗೆ ಕಾಯುವುದನ್ನು ನಾನು ಕಲಿತದ್ದು ಆ ಮನೆಯಲ್ಲಿ. ಕಲಿಸಿದವರು ಈ ಮನುಷ್ಯ ಎಂದು ಒಪ್ಪಿಕೊಳ್ಳಲು ಇವತ್ತಿಗೂ ಸಿಟ್ಟು ಬರುತ್ತದೆ.

ಹೋದ ಬೇಸಿಗೆಯಲ್ಲಿ ಸಾಹುಕಾರರು ತೀರಿಕೊಂಡರು. ಬೆಳಿಗ್ಗೆ ತೋಟದಲ್ಲಿ ಬಿದ್ದವರು ಆಸ್ಪತ್ರೆ ಮುಟ್ಟಲಿಲ್ಲ. ಮಾತಾಡಿಸಲು ಬಂದ ಮಂದಿ ಮನೆಯ ಮುಂದೆ ಕೂತಿದ್ದರು. ವಿಜಯಪುರದಿಂದ ವೈನಿಯ ಅಣ್ಣ ಬಂದಿದ್ದರು. ಎಲ್ಲರ ಪರವಾಗಿ ತಾವೇ ಮಾತಾಡುವ ಪೈಕಿಯ ಮನುಷ್ಯ. ಹೇಗಾಯಿತೆಂದು ಯಾರೋ ಕೇಳಿದರು. ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಡುಗ ಎದ್ದು ನಿಂತ. ಈಗ ಹತ್ತು ವರ್ಷದವನು.

"ನಾ... ನಾ ಹೇಳ್ತೇನಿ. ನಾ ಇದ್ದೆ ಅ... ಅಲ್ಲಿ."

ಹೇಳತೊಡಗಿದ. ಯಾರ ದನಿಯನ್ನೂ ಹಾಕಿಕೊಳ್ಳಲಿಲ್ಲ. ಅಪ್ಪ ನೀರು ಬಿಡಲು ಹೋದದ್ದು, ತಾನು ಹಿಂದೆ ಹೋದದ್ದು. ಒಂದೊಂದು ಮಾತಿಗೆ ಒಂದೊಂದು ಕಡೆ ಸಿಕ್ಕಿಕೊಂಡ. ಕೂತವರ ಕೈಯಲ್ಲಿನ ಚಹ ಆರಿತು. ಮಂದಿ ನೆಲ ನೋಡತೊಡಗಿದರು. "ಎ... ಎ... ಎ..." ಎಂಬಲ್ಲಿಗೆ ಬಂದು ಮಾತು ಪೂರಾ ನಿಂತಿತು.

ಮಾವ ತಾಳಲಿಲ್ಲ. ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟರು. "ಎದಿ ನೋವು ಬಂತು, ಹೋದ್ರು. ಆತು ಬಿಡಪಾ, ಎಲ್ಲಾರಿಗೂ ತಿಳೀತು. ಕುಂದ್ರು."

ವೈನಿ ಕೂತಲ್ಲಿಂದ ಅಲ್ಲಾಡಲಿಲ್ಲ. ಮಗನನ್ನೇ ನೋಡುತ್ತಿದ್ದರು. ಹುಡುಗ ಮಾವನ ಕೈಯನ್ನು ಹೆಗಲಿಂದ ಇಳಿಸಿದ.

"ಇ... ಇನ್ನಾ ಮು... ಮುಗದಿಲ್ಲ" ಎಂದ.

ಮಾವ ಹೋಗಿ ಕೂತರು. ಎಲ್ಲರೂ ಕೂತೆವು. ಅವನು ಪೂರ್ತಿ ಹೇಳಿದ.